ಪತ್ತೇದಾರನ ಊಟ, ಪ್ರವಾಸಿಯ ಊಟ

ದೂರದ ಊರಿಗೆ ಹೋಗಿ ಬಂದವರನ್ನು ನಾವು ಎರಡು ಪ್ರಶ್ನೆ ಕೇಳುತ್ತೇವೆ. ಏನೇನು ನೋಡಿದಿರಿ ಎಂಬುದು ಮೊದಲನೆಯದು; ಊಟಕ್ಕೆ ಏನು ಮಾಡಿದಿರಿ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸಾವಕಾಶವಾಗಿ, ಫೋಟೋಗಳ ಸಮೇತ ಬರುತ್ತದೆ. ಎರಡನೆಯದಕ್ಕೆ ಬರುವುದು ಒಂದು ನಗೆಮಾತು, ಇಲ್ಲವೆ ಒಂದು ದೂರು. ಊಟವೆಂಬುದು ಪ್ರವಾಸದ ಅನಿವಾರ್ಯ ತೊಂದರೆ, ಅದನ್ನು ಹೇಗೋ ಕಳೆದುಕೊಂಡು ಗೋಪುರ, ಚರ್ಚು, ವಸ್ತುಸಂಗ್ರಹಾಲಯಗಳ ಕಡೆ ನಡೆಯಬೇಕು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. 2011ರಲ್ಲಿ 'ಜಿಂದಗಿ ನ ಮಿಲೇಗಿ ದೊಬಾರಾ' ಎಂಬ ಹಿಂದಿ ಚಿತ್ರ ಬಂದ ಮೇಲೆ ನಮ್ಮ ಮಹಾನಗರಗಳ ಸಂಸಾರಗಳ ಪ್ರವಾಸಪಟ್ಟಿಯಲ್ಲಿ ಸ್ಪೇನ್ ದೇಶವೂ ಸೇರಿಕೊಂಡಿತು. ಮೂರು ದಿನ ಬಾರ್ಸೆಲೋನಾ, ಎರಡು ದಿನ ಮಾದ್ರಿದ್, ಒಂದು ದಿನ ಸೆವಿಲ್ಯ. ಗುಂಪಿನ ಪ್ರವಾಸವಾದರೆ ದಾಲು ಅನ್ನದ ಏರ್ಪಾಟು ಮೊದಲೇ ಆಗಿರುತ್ತದೆ. ತಾವಾಗಿಯೇ ಹೋದವರು ಕೈಯಲ್ಲೊಂದು ಪಟ್ಟಿ ಹಿಡಿದು ಅದರಲ್ಲಿರುವ ತಿಂಡಿಗಳನ್ನು ಒಂದೊಂದಾಗಿ ತಿಂದು ಗುರುತು ಹಾಕಿಕೊಂಡು ಬರುತ್ತಾರೆ. ಈ ಎರಡು ಬಗೆಗಳೂ ಮೇಲುನೋಟಕ್ಕೆ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಒಂದೇ. ಆ ಊಟವನ್ನು ಯಾರು ಬೇಯಿಸಿದರು, ಅವರು ಎಲ್ಲಿಂದ ಬಂದವರು, ಆ ಊರಿನವರು ಅದನ್ನು ಯಾವ ಹೊತ್ತಿನಲ್ಲಿ ಯಾರ ಜೊತೆ ಕೂತು ಉಣ್ಣುತ್ತಾರೆ ಎಂಬ ವಿಚಾರಣೆ ಎರಡರಲ್ಲಿಯೂ ಇಲ್ಲ.

ಈ ವಿಚಾರಣೆಯನ್ನೇ ತನ್ನ ಕಾದಂಬರಿಗಳ ಒಳಗುಟ್ಟಾಗಿ ಮಾಡಿಕೊಂಡ ಲೇಖಕನೊಬ್ಬ ಬಾರ್ಸೆಲೋನಾದಲ್ಲಿ ಆಗಿಹೋದ. ಆತನ ಹೆಸರು ಮಾನುಯೆಲ್ ವಾಸ್ಕೆಸ್ ಮೊಂತಾಲ್ಬಾನ್. ಆತನನ್ನು ಕುರಿತು ನಾಲ್ಕು ಮಾತು ಬರೆಯುವುದು ಸ್ಪೇನ್ ಪ್ರವಾಸಕ್ಕೆ ಹೊರಟವರಿಗೆ ಉಪಯುಕ್ತವಾದೀತೆಂಬ ಕಾರಣವೊಂದೇ ಅಲ್ಲ. ಹೊರಗಿನಿಂದ ಬಂದವರು ಒಂದು ಮಹಾನಗರದಲ್ಲಿ ಹೇಗೆ ನೆಲೆ ನಿಂತರು, ತಮ್ಮ ಒಲೆಯನ್ನು ಹೇಗೆ ಹೊತ್ತಿಸಿಕೊಂಡರು ಎಂಬ ಪ್ರಶ್ನೆ ಪರಸ್ಥಳದ ಕನ್ನಡಿಗರಾದ ನಮಗೆ ಹೊಸದಲ್ಲ ಎಂಬುದು ಹೆಚ್ಚಿನ ಕಾರಣ.

ಮೊಂತಾಲ್ಬಾನ್ ಹುಟ್ಟಿದ್ದು 1939ರಲ್ಲಿ. ಸ್ಪೇನಿನ ಅಂತರ್ಯುದ್ಧ ಮುಗಿದು ಫ್ರಾಂಕೊನ ಸರ್ವಾಧಿಕಾರ ನೆಲೆಯೂರಿದ ವರ್ಷ. ತಂದೆ ವಾಯವ್ಯದ ಗಲೀಸಿಯಾ ಕಡೆಯವರು, ತಾಯಿ ಆಗ್ನೇಯದ ಮುರ್ಸಿಯಾ ಕಡೆಯವರು. ಇಬ್ಬರೂ ಹೊಟ್ಟೆಪಾಡಿಗಾಗಿ ಬಾರ್ಸೆಲೋನಾ ಸೇರಿದವರು. ಮಗು ಹುಟ್ಟಿದಾಗ ತಂದೆ ಸೆರೆಮನೆಯಲ್ಲಿದ್ದರು. ತಾಯಿ ಬಟ್ಟೆ ಹೊಲಿದು ಸಂಸಾರ ನಡೆಸಿದರು. ಮನೆ ಇದ್ದದ್ದು ರವಾಲ್ ಎಂಬ ಬಡವರ ಕೇರಿಯಲ್ಲಿ: ಬಂದರಿನ ಹತ್ತಿರದ ಇಕ್ಕಟ್ಟು ಗಲ್ಲಿಗಳು, ಕೂಲಿಯವರು, ನಾವಿಕರು, ಸೂಳೆಯರು, ಸಣ್ಣ ಖಾನಾವಳಿಗಳು. ಮುಂದೆ ಆತ ಕಮ್ಯುನಿಸ್ಟನಾದ. 1962ರಲ್ಲಿ ಗಣಿ ಕಾರ್ಮಿಕರ ಮುಷ್ಕರವನ್ನು ಬೆಂಬಲಿಸಿ ತಾನೂ ಸೆರೆಮನೆ ಕಂಡ. ಕವಿತೆ, ಪತ್ರಿಕಾ ಬರಹ, ರಾಜಕೀಯ ವಿಮರ್ಶೆ, ಅಡಿಗೆಯ ಪುಸ್ತಕ, ಕಾದಂಬರಿ ಎಲ್ಲವನ್ನೂ ಬರೆದು 2003ರ ಅಕ್ಟೋಬರಿನಲ್ಲಿ ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಬಾರ್ಸೆಲೋನಾದ ಭಾಷೆ ಕತಲಾನ್. ಆದರೆ ವಲಸೆ ಬಂದವರ ಮಗನಾದ ಈತ ತನ್ನ ಕಾದಂಬರಿಗಳನ್ನು ಬರೆದದ್ದು ಸ್ಪ್ಯಾನಿಷಿನಲ್ಲಿ. ಹೀಗೆ ಬರೆದೂ ಆ ನಗರದ ಮೇಲೆ ತನ್ನ ಹಕ್ಕನ್ನು ಆತ ಬಿಟ್ಟುಕೊಡಲಿಲ್ಲ ಎಂಬುದನ್ನು ಗಮನಿಸಬೇಕು.

ಆತನಿಗೆ ಲೋಕಪ್ರಸಿದ್ಧಿ ತಂದುಕೊಟ್ಟದ್ದು ಪೇಪೆ ಕಾರ್ವಾಲ್ಯೊ ಎಂಬ ಖಾಸಗಿ ಪತ್ತೇದಾರನ ಪಾತ್ರ. 1972ರಲ್ಲಿ ಮೊದಲು ಕಾಣಿಸಿಕೊಂಡ ಈ ಪಾತ್ರ ಮುಂದಿನ ಮೂವತ್ತು ವರ್ಷ ಲೇಖಕನ ಜೊತೆಗೇ ಬೆಳೆಯಿತು, ಮುದಿಯಾಯಿತು. ಇಟಲಿಯ ಆಂದ್ರೆಯಾ ಕಾಮಿಲ್ಲೇರಿ ತನ್ನ ಪೊಲೀಸ್ ಅಧಿಕಾರಿಗೆ ಮೊಂತಾಲ್ಬಾನೊ ಎಂದು ಹೆಸರಿಟ್ಟದ್ದು ಈ ಲೇಖಕನ ಮೇಲಿನ ಗೌರವದಿಂದ. ಕಾರ್ವಾಲ್ಯೊ ಗಲೀಸಿಯಾ ಮೂಲದವನು. ಒಂದು ಕಾಲಕ್ಕೆ ಕಮ್ಯುನಿಸ್ಟ್, ಇನ್ನೊಂದು ಕಾಲಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆಯ ಚಾಕರಿ. ಈಗ ಯಾವ ನಂಬಿಕೆಯೂ ಇಲ್ಲದವನು. ರಾಂಬ್ಲಾ ಎಂಬ ಹೆಬ್ಬೀದಿಯಲ್ಲಿ ಕಚೇರಿ, ಬೆಟ್ಟದ ಮೇಲಿನ ವಾಲ್‌ವಿದ್ರೇರದಲ್ಲಿ ಮನೆ. ಕಚೇರಿಯ ಮೂಲೆಯಲ್ಲೊಂದು ಪುಟ್ಟ ಅಡಿಗೆಮನೆ. ಅಲ್ಲಿ ಬಿಸ್ಕುತೇರ್ ಎಂಬ ಕುಳ್ಳ ಸಹಾಯಕ. ಹಿಂದೆ ಕಾರು ಕದ್ದು ಜೈಲಿಗೆ ಹೋಗಿದ್ದಾಗ ಕಾರ್ವಾಲ್ಯೊನ ಪರಿಚಯವಾದವನು. ಈಗ ಧಣಿ ಬಂದೊಡನೆ ಏನಾದರೊಂದು ಬೇಯಿಸಿಕೊಟ್ಟು ಆತನ ಮುಖ ನೋಡುತ್ತ ನಿಲ್ಲುವವನು. ಕಾರ್ವಾಲ್ಯೊ ಸ್ವತಃ ಒಳ್ಳೆಯ ಅಡಿಗೆಯವ. ಮನಸ್ಸು ಕೆಟ್ಟಾಗ ನಡುರಾತ್ರಿಯಲ್ಲಿ ಒಲೆ ಹಚ್ಚಿ, ಕೆಳಗಿನ ಮನೆಯ ಫುಸ್ತೇರ್ ಎಂಬ ಗೆಳೆಯನನ್ನು ಎಬ್ಬಿಸಿ ಊಟಕ್ಕೆ ಕರೆಯುತ್ತಾನೆ. ಚಳಿಕಾಯಿಸುವ ಒಲೆಗೆ ಬೆಂಕಿ ಹಚ್ಚಲು ಆತ ಬಳಸುವುದು ತನ್ನ ಕಪಾಟಿನ ಪುಸ್ತಕಗಳನ್ನು! ಬದುಕುವುದನ್ನು ಅವು ತನಗೆ ಕಲಿಸಲಿಲ್ಲ ಎಂಬುದು ಆತನ ದೂರು.

ಪತ್ತೇದಾರಿ ಕಾದಂಬರಿಯೆಂದರೆ ರೈಲಿನಲ್ಲಿ ಓದಿ ಬಿಸಾಡುವ ಸರಕು ಎಂದು ತಿಳಿದವರು ಇದನ್ನೆಲ್ಲ ಒಂದು ಚಮತ್ಕಾರವೆಂದು ತಳ್ಳಿಹಾಕಬಹುದು. ಕಥೆಯ ಓಟದ ನಡುವೆ ಹೀಗೆ ಹೆಜ್ಜೆಹೆಜ್ಜೆಗೂ ಊಟಕ್ಕೆ ಕೂರಿಸುವುದು ಲೇಖಕನ ಚಪಲವೆಂದು ಹೇಳಿದವರೂ ಉಂಟು. ಈ ಆಕ್ಷೇಪಣೆಯಲ್ಲಿ ಹುರುಳಿದೆಯೆ ಎಂದು ನೋಡಲು ಆತನ ಅತ್ಯುತ್ತಮ ಕೃತಿಯೆನ್ನಿಸಿಕೊಂಡ, 1979ರಲ್ಲಿ ಪ್ಲನೇತಾ ಬಹುಮಾನ ಪಡೆದ 'ಲೊಸ್ ಮಾರೆಸ್ ದೆಲ್ ಸೂರ್' ಕಾದಂಬರಿಯನ್ನು ಪರಿಶೀಲಿಸಬಹುದು. 'ದಕ್ಷಿಣದ ಕಡಲುಗಳು' ಎಂದು ಹೆಸರಿನ ಅರ್ಥ. 'ಸದರ್ನ್ ಸೀಸ್' ಎಂಬ ಹೆಸರಿನಲ್ಲಿ ಪ್ಯಾಟ್ರಿಕ್ ಕ್ಯಾಮಿಲರ್ ಮಾಡಿದ ಇಂಗ್ಲಿಷ್ ಅನುವಾದ ನಮ್ಮ ಓದುಗರ ಕೈಗೆ ಸಿಗುವಂಥದು.

ಸ್ತುವಾರ್ತ್ ಪೆದ್ರೆಲ್ ಎಂಬ ಶ್ರೀಮಂತ ಉದ್ಯಮಿ. ಕಟ್ಟಡ ಕಟ್ಟಿಸಿ ಹಣ ಮಾಡಿದವನು, ಕಲೆಯಲ್ಲಿ ಆಸಕ್ತಿಯುಳ್ಳವನು. ಚಿತ್ರಕಾರ ಗೊಗ್ಯಾನ್ ಎಲ್ಲವನ್ನೂ ಬಿಟ್ಟು ತಾಹಿತಿ ದ್ವೀಪಕ್ಕೆ ಹೋದಂತೆ ತಾನೂ ದಕ್ಷಿಣದ ಕಡಲಿಗೆ ಹೋಗುವೆನೆಂದು ಹೇಳಿ ಆತ ಕಣ್ಮರೆಯಾಗುತ್ತಾನೆ. ಒಂದು ವರ್ಷದ ಮೇಲೆ ಬಾರ್ಸೆಲೋನಾದ ಹೊರವಲಯದಲ್ಲಿ, ಅರ್ಧ ಕಟ್ಟಿದ ಕಟ್ಟಡವೊಂದರ ಹತ್ತಿರ, ಚೂರಿಯಿಂದ ಇರಿದ ಆತನ ಹೆಣ ಸಿಗುತ್ತದೆ. ಈ ಒಂದು ವರ್ಷ ಆತ ಎಲ್ಲಿದ್ದ ಎಂಬುದನ್ನು ಕಂಡುಹಿಡಿಯುವ ಕೆಲಸ ಕಾರ್ವಾಲ್ಯೊನದು. ಆತ ಯಾವ ದ್ವೀಪಕ್ಕೂ ಹೋಗಿರಲಿಲ್ಲ. ತನ್ನದೇ ಕಂಪನಿ ವಲಸೆ ಕೂಲಿಗಳಿಗಾಗಿ ಅಗ್ಗದ ಸಿಮೆಂಟಿನಲ್ಲಿ ಕಟ್ಟಿದ ಸಾನ್ ಮಾಹೀನ್ ಎಂಬ ವಸತಿಯಲ್ಲಿ ಬೇರೆ ಹೆಸರಿನಿಂದ ಒಬ್ಬ ಗುಮಾಸ್ತನಾಗಿ ಬಾಳಿದ್ದ. ಕೊಂದವರಾರು ಎಂಬುದನ್ನು ಇಲ್ಲಿ ಹೇಳಿ ಓದುವವರ ಸ್ವಾರಸ್ಯ ಕೆಡಿಸುವುದು ಬೇಡ. ಕಥೆಯ ಧ್ವನಿ ಮಾತ್ರ ಸ್ಪಷ್ಟವಾಗಿದೆ. ದೂರದ ವಿಚಿತ್ರವನ್ನು ಹುಡುಕಿಕೊಂಡು ಹೊರಟ ಮನುಷ್ಯನಿಗೆ ತನ್ನ ಊರಿನ ಅಂಚಿನಲ್ಲೇ, ತಾನೇ ಕಟ್ಟಿಸಿದ ಗೂಡುಗಳಲ್ಲೇ, ಆತ ಎಂದೂ ಕಾಣದ ದಕ್ಷಿಣವೊಂದು ಕಾದಿತ್ತು. ಆಂದಲೂಸಿಯಾ, ಮುರ್ಸಿಯಾ, ಎಕ್ಸ್ತ್ರೆಮದೂರಗಳಿಂದ 1950 ಮತ್ತು 60ರ ದಶಕಗಳಲ್ಲಿ ಲಕ್ಷಗಟ್ಟಲೆ ಜನ ಕತಲೂನ್ಯಕ್ಕೆ ಬಂದರು. ಅವರ ದಕ್ಷಿಣ ಅದು. ಪ್ರವಾಸ ಎಂಬ ಕಲ್ಪನೆಯ ಮೇಲೆ ಇದಕ್ಕಿಂತ ಕಟುವಾದ ಟೀಕೆ ವಿರಳ.

ಈ ಕಾದಂಬರಿಯಲ್ಲಿ ಊಟದ ಸ್ಥಾನವೇನು? ಒಂದು ಸನ್ನಿವೇಶವನ್ನು ನೋಡೋಣ. ಫುಸ್ತೇರ್ ಕಾರ್ವಾಲ್ಯೊನನ್ನು ಪಾಯೇಲ್ಯ ಊಟಕ್ಕೆ ಕರೆಯುತ್ತಾನೆ. ಅಡಿಗೆ ಮಾಡುವವನು ಬೆಸೇರ್ ಎಂಬ ಸಾಹಿತ್ಯದ ಪ್ರಾಧ್ಯಾಪಕ. ಪಾಯೇಲ್ಯಕ್ಕೆ ಏನು ಸೇರಬೇಕು, ಏನು ಸೇರಕೂಡದು ಎಂಬ ವಿಷಯದಲ್ಲಿ ಶಾಸ್ತ್ರಾರ್ಥವೇ ನಡೆಯುತ್ತದೆ. ಸತ್ತವನ ಬಳಿ ಸಿಕ್ಕ ಇಟಾಲಿಯನ್ ಕವಿತೆಯ ಸಾಲೊಂದರ ಮೂಲ ಕಾರ್ವಾಲ್ಯೊನಿಗೆ ತಿಳಿಯುವುದು ಇದೇ ಪ್ರಾಧ್ಯಾಪಕನಿಂದ. ಪುಸ್ತಕಗಳನ್ನು ಸುಡುವ ಪತ್ತೇದಾರ ಕಾವ್ಯದ ಗುಟ್ಟನ್ನು ಬಿಡಿಸಲು ಊಟದ ಪಂಕ್ತಿಗೆ ಬರಬೇಕಾಯಿತು. ಅಡಿಗೆಯೂ ಕಾವ್ಯದಂತೆ ಒಂದು ಪರಂಪರೆ. ಅದನ್ನು ಬಲ್ಲವರ ಜೊತೆ ಕೂತಾಗ ಮಾತ್ರ ಅದರ ಅರ್ಥ ಬಿಚ್ಚಿಕೊಳ್ಳುತ್ತದೆ ಎಂಬುದು ಇಲ್ಲಿನ ಇಂಗಿತ. ಆದ್ದರಿಂದ ಊಟದ ಸನ್ನಿವೇಶಗಳು ಕಥೆಯನ್ನು ತಡೆಯುತ್ತವೆ ಎಂಬ ಆಕ್ಷೇಪಣೆ ನಿಲ್ಲುವುದಿಲ್ಲ. ಮನುಷ್ಯ ಮನುಷ್ಯನನ್ನು ನಂಬುವುದು ಈ ಕಾದಂಬರಿಗಳಲ್ಲಿ ಊಟದ ಮೇಜಿನ ಬಳಿ ಮಾತ್ರ. ಉಳಿದ ಕಡೆ ಎಲ್ಲರೂ ಎಲ್ಲರನ್ನೂ ಶಂಕಿಸುತ್ತಾರೆ.

ಅದೇ ಪಾಯೇಲ್ಯವನ್ನು ಇಂದು ಬಾರ್ಸೆಲೋನಾದ ರಾಂಬ್ಲಾದಲ್ಲಿ ಪ್ರವಾಸಿ ತಿನ್ನುವ ಬಗೆಯೊಂದಿಗೆ ಹೋಲಿಸಿ ನೋಡಬೇಕು. ಪಾಯೇಲ್ಯ ಮೂಲತಃ ಬಾರ್ಸೆಲೋನಾದ ಭಕ್ಷ್ಯವೇ ಅಲ್ಲ. ದಕ್ಷಿಣಕ್ಕಿರುವ ವಲೆನ್ಸಿಯಾ ಸೀಮೆಯ ಭತ್ತದ ಗದ್ದೆಗಳ ಊಟ. ಆ ಹೆಸರೇ ಅಗಲವಾದ ಚಪ್ಪಟೆ ಬಾಣಲೆಯದು. ಮೊಲ, ಕೋಳಿ, ಚಪ್ಪಟೆ ಹಸಿರು ಹುರುಳಿಕಾಯಿ, ದೊಡ್ಡ ಬಿಳಿ ಅವರೆಯಂಥ ಕಾಳು, ಟೊಮೆಟೊ, ಕೇಸರಿ, ಇಷ್ಟನ್ನು ಹಾಕಿ ತೆರೆದ ಬೆಂಕಿಯ ಮೇಲೆ ಬೇಯಿಸಿದ ಅನ್ನ. ತಳದಲ್ಲಿ ಹತ್ತಿಕೊಂಡ ಗರಿಗರಿ ಅನ್ನಕ್ಕೆ ಸೊಕರ್ರಾತ್ ಎಂಬ ಪ್ರತ್ಯೇಕ ಹೆಸರಿದೆ, ಅದಕ್ಕಾಗಿ ಮಕ್ಕಳು ಜಗಳವಾಡುತ್ತಾರೆ. ತಳ ಹಿಡಿದ ಅನ್ನವನ್ನು ಕೆರೆದು ತಿಂದ ನಮ್ಮವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಇದು ಮಧ್ಯಾಹ್ನದ ಊಟ, ಬಹುಪಾಲು ಭಾನುವಾರದ್ದು, ಬಂಧುಬಳಗ ಸುತ್ತ ಕೂತು ಒಂದೇ ಬಾಣಲೆಯಿಂದ ಉಣ್ಣುವಂಥದು. ರಾಂಬ್ಲಾದಲ್ಲಿ ಅದು ಬಣ್ಣದ ಚಿತ್ರವಾಗಿ ಬೋರ್ಡಿನ ಮೇಲಿದೆ; ಹೊತ್ತುಗೊತ್ತಿಲ್ಲದೆ, ಒಬ್ಬರಿಗೊಂದು ಬಾಣಲೆಯಂತೆ, ಎಷ್ಟೋ ಕಡೆ ಕಾರ್ಖಾನೆಯಿಂದ ಹೆಪ್ಪುಗಟ್ಟಿಸಿ ತಂದದ್ದು ಬಿಸಿಯಾಗಿ ಬರುತ್ತದೆ. ಹೆಸರು ಅದೇ, ಬಣ್ಣ ಅದೇ. ಕಳೆದುಹೋದದ್ದು ಹೊತ್ತು ಮತ್ತು ಪಂಕ್ತಿ.

ಹಾಗೆಂದು ಪ್ರವಾಸಿಗಾಗಿ ಮಾಡಿದ್ದೆಲ್ಲ ಸುಳ್ಳು, ಊರವರು ಉಣ್ಣುವುದೊಂದೇ ನಿಜ ಎಂಬ ಸರಳ ತೀರ್ಮಾನಕ್ಕೂ ಬರುವಂತಿಲ್ಲ. ಸ್ಪೇನಿನ ಊಟದ ಇತಿಹಾಸ ಅಷ್ಟು ನೇರವಾಗಿಲ್ಲ. ಇಂದು ಆ ದೇಶದ ಯಾವ ನಗರಕ್ಕೆ ಹೋದರೂ ವಾರದ ದಿನಗಳಲ್ಲಿ ಸಣ್ಣಪುಟ್ಟ ಹೊಟೇಲುಗಳ ಬಾಗಿಲಲ್ಲಿ 'ಮೆನು ದೆಲ್ ದೀಯಾ' ಎಂಬ ಕೈಬರಹದ ಹಲಗೆ ಕಾಣುತ್ತದೆ. ಅದೇ ದಿನದ ಊಟ. ಮೊದಲು ಸಾರು, ಕಾಳು ಅಥವಾ ತರಕಾರಿ, ಆಮೇಲೆ ಮುಖ್ಯ ಭಕ್ಷ್ಯ, ಕೊನೆಗೆ ಹಣ್ಣು ಇಲ್ಲವೆ ಸಿಹಿ, ಜೊತೆಗೆ ಬ್ರೆಡ್ಡು ಮತ್ತು ಕುಡಿಯಲು ಏನಾದರೂ. ಎಲ್ಲ ಸೇರಿ 15 ಯೂರೋ ಆಚೀಚೆ. ಗುಮಾಸ್ತರು, ಬಣ್ಣ ಬಳಿಯುವವರು, ಅಂಗಡಿಯವರು ಮಧ್ಯಾಹ್ನ ಎರಡರ ಮೇಲೆ ಬಂದು ಕೂತು ಉಂಡು ಹೋಗುತ್ತಾರೆ. ಇದಕ್ಕಿಂತ ಸ್ಥಳೀಯವಾದ ಪದ್ಧತಿ ಇಲ್ಲವೆನ್ನಿಸುತ್ತದೆ. ಇದರ ಮೂಲ ಎಲ್ಲಿದೆ? 1960ರ ದಶಕದ ನಡುವೆ, ಫ್ರಾಂಕೊ ಸರ್ಕಾರದಲ್ಲಿ ಪ್ರವಾಸೋದ್ಯಮ ಮಂತ್ರಿಯಾಗಿದ್ದ ಮಾನುಯೆಲ್ ಫ್ರಾಗಾ, ವಿದೇಶಿ ಪ್ರವಾಸಿಗಳ ಅನುಕೂಲಕ್ಕಾಗಿ ಹೊಟೇಲುಗಳು ನಿಗದಿತ ಬೆಲೆಗೆ ಒಂದು 'ಪ್ರವಾಸಿ ಊಟ' ಕೊಡಬೇಕೆಂದು ಹೊರಡಿಸಿದ ಆಜ್ಞೆಯಲ್ಲಿ! ಪರದೇಶದವರಿಗೆಂದು ಸರ್ವಾಧಿಕಾರಿ ಸರ್ಕಾರ ಮಾಡಿದ ಕಾನೂನು ಕೊನೆಗೆ ಕೂಲಿಯವನ ಮಧ್ಯಾಹ್ನದ ಬುತ್ತಿಯಾಯಿತು. ಎರಡು ಗಂಟೆಯ ಊಟ, ರಾತ್ರಿ ಒಂಬತ್ತರ ಮೇಲಿನ ಊಟ ಎಂದು ನಾವು ಬೆರಗಾಗುವ ಸಮಯಕ್ರಮದ ಹಿಂದೆಯೂ 1940ರಲ್ಲಿ ಫ್ರಾಂಕೊ ಸ್ಪೇನಿನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಸರಿಸಿ ಮಧ್ಯ ಯುರೋಪಿನ ವೇಳೆಗೆ ಹೊಂದಿಸಿದ ಸಂಗತಿ ಇದೆ. ಊಟವೆಂಬುದು ರಾಜಕೀಯದಿಂದ ದೂರವಿರುವ ಶುದ್ಧ ಸಂಪ್ರದಾಯ ಎಂದು ತಿಳಿದವರಿಗೆ ಇವೆರಡು ಉದಾಹರಣೆ ಸಾಕು.

ಮೊಂತಾಲ್ಬಾನನ ವಿಚಾರದ ಬಲವಿರುವುದು ಇಲ್ಲೇ. 1977ರಲ್ಲಿ, ಫ್ರಾಂಕೊ ಸತ್ತ ಎರಡು ವರ್ಷಕ್ಕೆ, ಕತಲೂನ್ಯದ ಊಟದ ಕಲೆಯನ್ನು ಕುರಿತ ಆತನ ಪುಸ್ತಕವೊಂದು ಕತಲಾನ್ ಭಾಷೆಯಲ್ಲಿ ಪ್ರಕಟವಾಯಿತು. ಭಾಷೆಯನ್ನು ಅದುಮಿದ ಕಾಲದಲ್ಲಿ ಅಡಿಗೆಯೂ ಸೊರಗಿತು. ಭಾಷೆಯ ಜೊತೆಗೆ ಅದನ್ನೂ ಉಳಿಸಿಕೊಳ್ಳಬೇಕು ಎಂಬ ಕಾಳಜಿಯಿಂದ ಬಂದ ಪುಸ್ತಕ ಅದು. ಹೊರಗಿನವರ ಮಗನೊಬ್ಬ ತನ್ನನ್ನು ಸಾಕಿದ ನಾಡಿನ ಅಡಿಗೆಯ ಪರವಾಗಿ ವಾದ ಹೂಡಿದ್ದು ವಿಶೇಷ. ಆದರೆ ಆತನಿಗೆ ಅಡಿಗೆಯ ಶುದ್ಧತೆಯಲ್ಲಿ ನಂಬಿಕೆಯಿರಲಿಲ್ಲ. ಕತಲಾನ್ ಅಡಿಗೆಯ ಬುನಾದಿಯೇ ಈರುಳ್ಳಿ ಟೊಮೆಟೊಗಳನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿದ 'ಸೊಫ್ರೆಜಿತ್'. ನಮ್ಮಲ್ಲಿ ಒಗ್ಗರಣೆಗಿರುವ ಸ್ಥಾನ ಅಲ್ಲಿ ಅದಕ್ಕೆ. ಅದರ ಟೊಮೆಟೊ ಕೊಲಂಬಸನ ನಂತರ ಅಮೆರಿಕದಿಂದ ಬಂದ ಹಣ್ಣು. ಆ ಸೀಮೆಯ ಅತ್ಯಂತ ಸಾಧಾರಣ ತಿನಿಸಾದ 'ಪಾ ಅಂಬ್ ತುಮಾಕೆತ್', ಅಂದರೆ ಬ್ರೆಡ್ಡಿನ ಮೇಲೆ ಹಣ್ಣು ಟೊಮೆಟೊ ಉಜ್ಜಿ ಎಣ್ಣೆ ಉಪ್ಪು ಹಾಕಿದ್ದು, ಇಂದು ಕತಲಾನರ ಹೆಮ್ಮೆಯ ಗುರುತು. ಹಿಂದಿ ಚಿತ್ರ ನೋಡಿದ ನಮಗೆ ಸ್ಪೇನಿನ ಟೊಮೆಟೊ ಎಂದರೆ ಒಬ್ಬರ ಮೇಲೊಬ್ಬರು ಎಸೆಯುವ ಹಣ್ಣು. ಬಾರ್ಸೆಲೋನಾದ ಮನೆಗಳಲ್ಲಿ ಅದು ಒಣಗಿದ ಬ್ರೆಡ್ಡನ್ನು ತಿನ್ನುವ ಹದಕ್ಕೆ ತರುವ ಬಡವರ ಉಪಾಯ. ಬಾರ್ಸೆಲೋನಾದಲ್ಲಿ ಪ್ರವಾಸಿಗಳು ಹುಡುಕುವ 'ತಾಪಾ' ಎಂಬ ಚಿಕ್ಕ ತಟ್ಟೆಯ ತಿಂಡಿಗಳ ಪದ್ಧತಿಯೂ ಹೆಚ್ಚಾಗಿ ದಕ್ಷಿಣದ ಆಂದಲೂಸಿಯಾದ್ದು. ವಲಸೆ ಬಂದ ಕೂಲಿಗಳ ಜೊತೆಗೆ ಬಂದು ಅವರ ಪಾನಗೃಹಗಳಲ್ಲಿ ಬೇರು ಬಿಟ್ಟದ್ದು. 'ಚಾರ್ನೇಗೊ' ಎಂದು ಮೂಗು ಮುರಿದು ಕರೆಯಲ್ಪಟ್ಟ ಆ ಜನರ ಊಟವೇ ಇಂದು ನಗರದ ಸ್ಥಳೀಯ ರುಚಿಯೆಂದು ಮಾರಾಟವಾಗುತ್ತಿದೆ. ಸ್ಥಳೀಯ ಎಂದರೆ ಯಾರು ಎಂಬ ಪ್ರಶ್ನೆಗೆ ಮೊಂತಾಲ್ಬಾನ್ ಕೊಡುವ ಉತ್ತರ ಇದು: ಬಂದು, ದುಡಿದು, ಒಲೆ ಹೂಡಿದವರೆಲ್ಲ ಸ್ಥಳೀಯರೇ.

ಇಷ್ಟು ಹೊಗಳಿದ ಮೇಲೆ ದೋಷಗಳನ್ನೂ ಹೇಳಬೇಕು. ಮೊದಲನೆಯದಾಗಿ, ಈ ಕಾದಂಬರಿಗಳ ಅಡಿಗೆಮನೆಯಲ್ಲಿ ಮೆರೆಯುವವರೆಲ್ಲ ಗಂಡಸರು: ಕಾರ್ವಾಲ್ಯೊ, ಬಿಸ್ಕುತೇರ್, ಫುಸ್ತೇರ್, ಬೆಸೇರ್. ಯಾವ ಅಡಿಗೆಯ ನೆನಪಿಗಾಗಿ ಲೇಖಕ ಇಷ್ಟು ಹಂಬಲಿಸುತ್ತಾನೋ ಆ ಅಡಿಗೆಯನ್ನು ಬರಗಾಲದ ವರ್ಷಗಳಲ್ಲಿ, ರೇಷನ್ನಿನ ಬ್ರೆಡ್ಡಿನಲ್ಲಿ ಉಳಿಸಿಕೊಟ್ಟವರು ಆತನ ತಾಯಿಯಂಥ ಹೆಂಗಸರು. ಅವರು ಕಥೆಯ ಹೊಸಿಲಾಚೆಯೇ ಉಳಿಯುತ್ತಾರೆ. ಕಾರ್ವಾಲ್ಯೊನ ಗೆಳತಿ ಚಾರೊ ಆತನಿಗಾಗಿ ಕಾಯುತ್ತ, ಅಳುತ್ತ, ಕರೆದಾಗ ಬಂದು ಉಣ್ಣುವವಳು. ಗಂಡಸು ಬೇಯಿಸಿದರೆ ಕಲೆ, ಹೆಂಗಸು ಬೇಯಿಸಿದರೆ ದಿನದ ಕೆಲಸ ಎಂಬ ಲೋಕರೂಢಿಯನ್ನು ಇಷ್ಟು ಸೂಕ್ಷ್ಮಮತಿಯಾದ ಸಮತಾವಾದಿಯೂ ದಾಟಲಿಲ್ಲವೆಂಬುದು ಖೇದದ ಸಂಗತಿ.

ಎರಡನೆಯದು, ಆತನ ಯಶಸ್ಸಿನಿಂದಲೇ ಹುಟ್ಟಿದ ದೋಷ. 1985ರಲ್ಲಿ 'ಭೋಜನಪ್ರಿಯರ ವಿರುದ್ಧ' ಎಂಬ ಅರ್ಥದ ಹೆಸರಿನ ಪುಸ್ತಕ ಬರೆದ ಲೇಖಕ, 1989ರಲ್ಲಿ ಕಾರ್ವಾಲ್ಯೊನ ಅಡಿಗೆಗಳ ಪುಸ್ತಕವನ್ನೂ ಹೊರತಂದ. ಕಥೆಯಲ್ಲಿ ಸ್ನೇಹಕ್ಕೋ ದುಃಖಕ್ಕೋ ಅಂಟಿಕೊಂಡಿದ್ದ ಭಕ್ಷ್ಯಗಳು ಅಲ್ಲಿ ಬರಿಯ ಅಳತೆ ಪ್ರಮಾಣಗಳಾಗಿ ಉಳಿದವು. ಆತನ ಕಾದಂಬರಿಗಳನ್ನು ಹೊಟೇಲುಗಳ ಕೈಪಿಡಿಯಂತೆ ಹಿಡಿದು, ಕಾರ್ವಾಲ್ಯೊ ಉಂಡ ಜಾಗಗಳಲ್ಲೇ ಉಣ್ಣಬೇಕೆಂದು ತಿರುಗುವವರಿಗೆ ದಾರಿ ಮಾಡಿಕೊಟ್ಟವನು ಆತನೇ ಎನ್ನಬೇಕು. ಹೀಗೆ ಓದಿದವರು 'ದಕ್ಷಿಣದ ಕಡಲುಗಳು' ಕಾದಂಬರಿಯನ್ನು ಓದಿಯೇ ಇಲ್ಲ. ಅವರು ಸ್ತುವಾರ್ತ್ ಪೆದ್ರೆಲ್ ಮೊದಲು ಹೊರಡಬೇಕೆಂದಿದ್ದ ಪ್ರವಾಸಕ್ಕೇ ಹೊರಟಿದ್ದಾರೆ.

ಮೂರನೆಯದು ದೋಷವೋ ಗುಣವೋ ಓದುಗರೇ ನಿರ್ಧರಿಸಬೇಕು. ಹಂದಿಯ ಕಾಲು, ಉಪ್ಪು ಹಾಕಿದ ಒಣಮೀನು, ಕರುಳಿನ ಅಡಿಗೆ ಹೀಗೆ ಪುಟಗಟ್ಟಲೆ ವರ್ಣನೆ ನಮ್ಮ ಸಸ್ಯಾಹಾರಿ ಓದುಗರಿಗೆ ಕಸಿವಿಸಿ ತರಬಹುದು. ಆದರೆ ಮಾಂಸಾಹಾರವನ್ನು ಕುರಿತು ಮೊಂತಾಲ್ಬಾನನಷ್ಟು ಪ್ರಾಮಾಣಿಕವಾಗಿ ಬರೆದವರು ಕಡಿಮೆ. ಇನ್ನೊಂದು ಜೀವವನ್ನು ಕೊಂದು ತಿನ್ನುವ ಕ್ರೌರ್ಯಕ್ಕೆ ಮನುಷ್ಯ ಹಾಕಿದ ಸುಂದರವಾದ ಮುಸುಕೇ ಅಡಿಗೆ, ಸಂಸ್ಕೃತಿಯೂ ಹಾಗೆಯೇ ಒಂದು ಮುಸುಕು ಎಂಬ ವಿಚಾರವನ್ನು ಆತ ಮತ್ತೆ ಮತ್ತೆ ಹೇಳಿದ. ಕೊಲೆಯ ಕಥೆಗಳಲ್ಲಿ ಇಷ್ಟೊಂದು ಅಡಿಗೆ ಏಕೆ ಎಂಬ ಪ್ರಶ್ನೆಗೆ ಇದೇ ಉತ್ತರ. ಸಸ್ಯಾಹಾರಿ ಪ್ರವಾಸಿಗೆ ಆ ಸೀಮೆಯಲ್ಲಿ ಉಪವಾಸವೇನೂ ಇಲ್ಲ. ಕೆಂಡದಲ್ಲಿ ಸುಟ್ಟ ಬದನೆ ಮತ್ತು ದಪ್ಪ ಮೆಣಸಿನಕಾಯಿಯ 'ಎಸ್ಕಲಿವಾದ' ನಮ್ಮ ಸುಟ್ಟ ಬದನೆಕಾಯಿಯ ಗೊಜ್ಜಿನ ದೂರದ ನೆಂಟನೆನ್ನಬಹುದು. ಒಣದ್ರಾಕ್ಷಿ ಮತ್ತು ಪೈನ್ ಮರದ ಬೀಜ ಹಾಕಿದ ಪಾಲಕ್ ಸೊಪ್ಪಿದೆ. ಟೊಮೆಟೊ ಉಜ್ಜಿದ ಬ್ರೆಡ್ಡು ಎಲ್ಲ ಕಡೆ ಸಿಗುತ್ತದೆ. ತರಕಾರಿಯ ಹೆಸರಿನ ಭಕ್ಷ್ಯದಲ್ಲೂ ಹಂದಿಮಾಂಸದ ಚೂರು ಇರಬಹುದೆಂದು ಮೊದಲೇ ಕೇಳಿಕೊಳ್ಳುವುದು ಮಾತ್ರ ಅವಶ್ಯ.

ಲೇಖಕ ಬಣ್ಣಿಸಿದ ನಗರ ಈಗ ಹೇಗಿದೆ? 1992ರ ಒಲಿಂಪಿಕ್ ಕ್ರೀಡಾಕೂಟಕ್ಕಾಗಿ ಬಾರ್ಸೆಲೋನಾ ತನ್ನನ್ನು ತೊಳೆದು ಸಿಂಗರಿಸಿಕೊಂಡಿತು. ಆ ಸಂಭ್ರಮವನ್ನು ಆತ 1993ರ ಕಾದಂಬರಿಯೊಂದರಲ್ಲಿ ವಿಡಂಬಿಸಿದ. ರವಾಲ್ ಕೇರಿಯ ಹಳೆಯ ಮನೆಗಳ ಸಾಲನ್ನು ಕೆಡವಿ 2000ದಲ್ಲಿ ಅಗಲವಾದ ಮರದ ಸಾಲಿನ ಬೀದಿ ಮಾಡಿದರು. ಅದರ ಪಕ್ಕದ ಚೌಕಕ್ಕೆ 2009ರಲ್ಲಿ ಮೊಂತಾಲ್ಬಾನನ ಹೆಸರಿಟ್ಟರು. ಆ ಚೌಕದ ಮೇಲೆ ನೆರಳು ಚೆಲ್ಲಿ ನಿಂತಿರುವುದು ಪ್ರವಾಸಿಗಳ ಎತ್ತರದ ಹೊಟೇಲು. ಆತನೂ ಆತನ ಪತ್ತೇದಾರನೂ ಊಟ ಮಾಡುತ್ತಿದ್ದ, 1929ರಲ್ಲಿ ಆರಂಭವಾದ 'ಕಾಸಾ ಲೆಯೊಪೊಲ್ದೊ' ಎಂಬ ಹೊಟೇಲನ್ನು ಸ್ಥಾಪಕರ ಮನೆಯವರು 2015ರಲ್ಲಿ ಕೈಬಿಟ್ಟರು. ಕಾರ್ವಾಲ್ಯೊ ಸಾಮಾನು ಕೊಳ್ಳುತ್ತಿದ್ದ ಬೊಕೆರಿಯಾ ಮಾರುಕಟ್ಟೆಯಲ್ಲಿ ಮೀನು ಸೊಪ್ಪು ಕೊಳ್ಳಲು ಬರುವ ಹೆಂಗಸರಿಗೆ ಕಾಲಿಡಲು ಜಾಗವಿಲ್ಲದಂತಾಗಿ, ದೊಡ್ಡ ಪ್ರವಾಸಿ ಗುಂಪುಗಳು ವಾರದ ಕೊನೆಯ ವ್ಯಾಪಾರದ ಹೊತ್ತಿನಲ್ಲಿ ಬರಕೂಡದೆಂದು 2015ರಲ್ಲಿ ನಗರಸಭೆ ನಿಯಮ ಮಾಡಬೇಕಾಯಿತು. ಎಷ್ಟೋ ಮಳಿಗೆಗಳು ಆ ಹೊತ್ತಿಗಾಗಲೇ ಕತ್ತರಿಸಿದ ಹಣ್ಣು, ಬಣ್ಣದ ರಸ ಮಾರುವ ಅಂಗಡಿಗಳಾಗಿದ್ದವು. 2024ರ ಜುಲೈ 6ರಂದು ಬಾರ್ಸೆಲೋನಾದ ಜನ ಮೆರವಣಿಗೆ ಹೊರಟು, ಬೀದಿಬದಿಯ ಮೇಜುಗಳಲ್ಲಿ ಊಟಕ್ಕೆ ಕೂತಿದ್ದ ಪ್ರವಾಸಿಗಳ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರೆರಚಿದರು. ಏರಿದ ಮನೆಬಾಡಿಗೆ ಅವರ ಸಿಟ್ಟಿನ ಮುಖ್ಯ ಕಾರಣ. ಪ್ರವಾಸಿಗಳಿಗೆ ಬಾಡಿಗೆ ಕೊಡುವ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳ ಪರವಾನಿಗೆಯನ್ನು 2028ರ ಹೊತ್ತಿಗೆ ಕೊನೆಗೊಳಿಸುವುದಾಗಿ ಅಲ್ಲಿನ ಮೇಯರು ಅದೇ ವರ್ಷ ಘೋಷಿಸಿದ್ದರು. ಮೆರವಣಿಗೆಯವರು ನೀರೆರಚಲು ಬೇರೆ ಜಾಗ ಬಿಟ್ಟು ಊಟದ ಮೇಜನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಆ ಮೇಜು ಒಂದು ಕಾಲಕ್ಕೆ ತಮ್ಮದಾಗಿತ್ತೆಂಬ ನೋವು ಅದರಲ್ಲಿದೆ. ಆದರೆ ನೀರು ಬಿದ್ದದ್ದು ಮೂರು ದಿನದ ರಜೆಗೆ ಬಂದ ಸಂಸಾರಗಳ ಮೇಲೆ. ಬಾಡಿಗೆ ಏರಿಸಿದವರ ಮೇಲಲ್ಲ. ಸ್ತುವಾರ್ತ್ ಪೆದ್ರೆಲ್‌ನಂಥವರು ಆ ಮೇಜುಗಳಲ್ಲಿ ಕೂರುವುದಿಲ್ಲ ಎಂಬುದನ್ನು ಮೊಂತಾಲ್ಬಾನ್ ಇದ್ದಿದ್ದರೆ ನೆನಪಿಸುತ್ತಿದ್ದನೇನೊ.

ರವಾಲ್‌ನ ಗಲ್ಲಿಗಳಲ್ಲಿ ಈಗ ಪಂಜಾಬಿ, ಬಂಗಾಳಿ, ಅರಬ್ಬಿ, ತಗಾಲೊಗ್ ಮಾತುಗಳು ಕೇಳಿಸುತ್ತವೆ. ಪಾಕಿಸ್ತಾನ, ಬಾಂಗ್ಲಾದೇಶ, ಮೊರಾಕೊ, ಫಿಲಿಪ್ಪೀನ್ಸ್‌ಗಳಿಂದ ಬಂದವರು ಅಲ್ಲಿ ಅಂಗಡಿ, ಖಾನಾವಳಿ ಇಟ್ಟಿದ್ದಾರೆ. ಹೊಟೇಲುಗಳಲ್ಲಿ ತಟ್ಟೆ ತೊಳೆಯುತ್ತಾರೆ. ಬಾರ್ಸೆಲೋನಾದ ನಾಳೆಯ ಸ್ಥಳೀಯ ಊಟ ಬೇಯುತ್ತಿರುವುದು ಅವರ ಒಲೆಗಳಲ್ಲಿ ಎಂದರೆ ಮೊಂತಾಲ್ಬಾನನ ವಿಚಾರಕ್ಕೆ ವಿರೋಧವಾಗದು.

ಮುಂಬಯಿ ಓದುಗರಿಗೆ ಇದೆಲ್ಲ ಪರಿಚಿತವೆನ್ನಿಸಿದರೆ ಆಶ್ಚರ್ಯವಿಲ್ಲ. ದಕ್ಷಿಣ ಕನ್ನಡದಿಂ‌ದ ಬಂದ ಹುಡುಗರು ಹೊಟೇಲುಗಳಲ್ಲಿ ಮೇಜು ಒರೆಸಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ಹೊಟೇಲುಗಳ ಮೇಲೆ ಕಲ್ಲು ಬಿದ್ದದ್ದೂ ಉಂಟು. ಇಂದು ಮಾಟುಂಗದ ಇಡ್ಲಿ ಸಾಂಬಾರು ಮುಂಬಯಿಯ ಸ್ಥಳೀಯ ತಿಂಡಿ. ಹೊರಗಿನಿಂದ ಬಂದವರು ಅದನ್ನು ಹುಡುಕಿಕೊಂಡು ಸಾಲು ನಿಲ್ಲುತ್ತಾರೆ. 'ದಕ್ಷಿಣದ ಕಡಲುಗಳು' ಬಂದ 1979ರಲ್ಲೇ ಯಶವಂತ ಚಿತ್ತಾಲರ 'ಶಿಕಾರಿ'ಯೂ ಪ್ರಕಟವಾಯಿತು ಎಂಬುದು ಗಮನಿಸಬೇಕಾದ ಕಾಕತಾಳೀಯ. ಕಂಪನಿಗಳ ಪಿತೂರಿ, ಮಹಾನಗರದಲ್ಲಿ ಒಂಟಿಯಾದ ಮನುಷ್ಯ, ಬೆನ್ನಟ್ಟುವ ಶಂಕೆ, ಈ ಮೂರೂ ಎರಡರಲ್ಲಿಯೂ ಇವೆ. ಚಿತ್ತಾಲರು ಮನುಷ್ಯನ ಅಂತರಂಗಕ್ಕೆ ಇಳಿದು ಹುಡುಕಿದ್ದನ್ನು ಮೊಂತಾಲ್ಬಾನ್ ಬೀದಿ ಮತ್ತು ಒಲೆಗಳ ನಡುವೆ ಹುಡುಕಿದ. ಆಳದಲ್ಲಿ 'ಶಿಕಾರಿ' ಮೇಲು. ನಗರದ ಹರವಿನಲ್ಲಿ ಮೊಂತಾಲ್ಬಾನ್ ಮೇಲು ಎಂದು ನಮಗೆ ತೋರುತ್ತದೆ. ನಮ್ಮ ಹೊಟೇಲು ಹುಡುಗರ, ಖಾನಾವಳಿಗಳ ಲೋಕವನ್ನು ಈ ಹರವಿನಲ್ಲಿ, ಈ ರುಚಿಯೊಡನೆ ಹಿಡಿದ ಪತ್ತೇದಾರಿ ಕಾದಂಬರಿ ಕನ್ನಡದಲ್ಲಿ ಬರಬೇಕೆಂಬ ಆಸೆ ಈ ಓದಿನಿಂದ ಹುಟ್ಟುತ್ತದೆ.

ಸ್ಪೇನಿಗೆ ಹೊರಡುವ ನಮ್ಮ ಸಂಸಾರಗಳಿಗೆ ಈ ಕಾದಂಬರಿಕಾರನಿಂದ ಸಿಗುವುದು ಹೊಟೇಲುಗಳ ವಿಳಾಸವಲ್ಲ. ಮೂರೇ ದಿನವಿದ್ದರೂ ಒಂದು ಮಧ್ಯಾಹ್ನವನ್ನು ರಾಂಬ್ಲಾದಿಂದ ದೂರ, ಕೈಬರಹದ ಹಲಗೆಯಿರುವ ಜಾಗದಲ್ಲಿ, ಎರಡು ಗಂಟೆಯ ಮೇಲೆ, ಆ ಊರಿನ ದುಡಿಯುವವರ ನಡುವೆ ಕೂತು ಉಣ್ಣುವುದಕ್ಕೆ ಇಡಬಹುದು. ಬಡಿಸಿದವರು ಯಾವ ಊರಿನವರೆಂದು ಕೇಳಬಹುದು. ಅವರು ಹೇಳುವ ಊರು ಬಾರ್ಸೆಲೋನಾ ಆಗಿರುವ ಸಂಭವ ಕಡಿಮೆ; ಆ ಉತ್ತರದ ರುಚಿಯನ್ನು ಬಲ್ಲ ನಾಲಿಗೆ ನಮ್ಮಂಥ ಪರಸ್ಥಳದವರಿಗೆ ಉಂಟು.